ಮಾದಳ, ಬೇಲ ಮತ್ತು ಗಾಸ್

ಒಂಬತ್ತು ಮಾದಳ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಳ, ಒಂಬತ್ತು ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕೇಳಿದ ಲೆಕ್ಕವಿದು. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದಲೂ ಗುಣಿಸಿ ಕಳೆಯಬೇಕು. ಉಳಿದದ್ದನ್ನು ಆ ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಬೇಕು ಎಂಬುದು ಅವನ ಸೂತ್ರ. 963ರಲ್ಲಿ 707 ಕಳೆದರೆ 256. ಅದನ್ನು 32ರಿಂದ ಭಾಗಿಸಿದರೆ 8. ಮಾದಳಕ್ಕೆ 8, ಬೇಲಕ್ಕೆ 5.

ಗುಟ್ಟು ಇಷ್ಟೇ. ಮೊದಲ ಸಮೀಕರಣವನ್ನು 9ರಿಂದ, ಎರಡನೆಯದನ್ನು 7ರಿಂದ ಗುಣಿಸಿದಾಗ ಎರಡರಲ್ಲೂ ಬೇಲ 63 ಆಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದೊಡನೆ ಬೇಲ ಮಾಯ. ಶಾಲೆಯಲ್ಲಿ ಕಲಿಸುವ ‘ವರ್ಜಿಸುವ ವಿಧಾನ’ ಇದೇ.

ಮಹಾವೀರನ ಸೂತ್ರ ಸಂಖ್ಯೆಗಳು ಹೀಗೆ ಅದಲುಬದಲಾಗಿದ್ದರಷ್ಟೇ ಒಗ್ಗುತ್ತದೆ. ಎಷ್ಟೇ ಅಜ್ಞಾತಗಳಿದ್ದರೂ ನಡೆಯುವ ಕ್ರಮ ಅದಕ್ಕೂ ಬಹಳ ಹಿಂದೆಯೇ ಚೀನಾದಲ್ಲಿತ್ತು. ಹಾನ್ ವಂಶದ ಕಾಲದ ‘ಒಂಬತ್ತು ಅಧ್ಯಾಯಗಳು’ ಎಂಬ ಗಣಿತ ಗ್ರಂಥದ ಎಂಟನೇ ಅಧ್ಯಾಯ ಇದಕ್ಕೇ ಮೀಸಲು. ಮೂರು ದರ್ಜೆಯ ಧಾನ್ಯದ ಕಂತೆಗಳಲ್ಲಿ ಒಂದೊಂದರಿಂದ ಎಷ್ಟು ಕಾಳು ಸಿಗುತ್ತದೆ ಎಂಬುದು ಅದರ ಮೊದಲ ಲೆಕ್ಕ. ಒಂದೊಂದು ಸಮೀಕರಣಕ್ಕೆ ಒಂದೊಂದು ಕಂಬಸಾಲಿನಂತೆ ಎಣಿಕೆ ಕಡ್ಡಿಗಳನ್ನು ಜೋಡಿಸುತ್ತಿದ್ದರು. ಒಂದು ಸಾಲನ್ನು ಗುಣಿಸಿ ಇನ್ನೊಂದರಿಂದ ಕಳೆಯುತ್ತ ಹೋದರೆ ಕೊನೆಗೊಂದರಲ್ಲಿ ಒಂದೇ ಅಜ್ಞಾತ ಉಳಿಯುತ್ತಿತ್ತು. ಅದರ ಬೆಲೆ ತಿಳಿದ ಮೇಲೆ ಹಿಂದೆ ಹಿಂದೆ ಬಂದು ಉಳಿದವನ್ನು ಪಡೆಯುವುದು. ಕಳೆಯುವಾಗ ಸೊನ್ನೆಗಿಂತ ಕೆಳಗಿಳಿದರೆ? ಕ್ರಿ.ಶ. 263ರಲ್ಲಿ ಭಾಷ್ಯ ಬರೆದ ಲಿಯು ಹುಯಿ ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಎಂದು ವಿಧಿಸಿದ.

ಇಷ್ಟಾಗಿಯೂ ಈ ಕ್ರಮಕ್ಕೆ ಇರುವುದು ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗಾಸ್‌ನ ಹೆಸರು. ಪಲಾಸ್ ಕ್ಷುದ್ರಗ್ರಹದ ಕಕ್ಷೆಯನ್ನು ಲೆಕ್ಕ ಹಾಕುವಾಗ ಎದುರಾದ ಆರು ಅಜ್ಞಾತಗಳ ಸಮೀಕರಣಗಳನ್ನು ಆತ ಹೀಗೆ ಬಿಡಿಸಿದ. ಅಚ್ಚುಕಟ್ಟಾದ ಸಂಕೇತಗಳನ್ನು ಹೂಡಿ ಕೈಲೆಕ್ಕದ ಶ್ರಮವನ್ನೂ ತಗ್ಗಿಸಿದ. ವಿಧಾನವೇ ಅವನದೆಂಬುದು ಮಾತ್ರ ಸಲ್ಲದು. 1809ರ ತನ್ನ ಗ್ರಂಥದಲ್ಲಿ ಅವನೇ ಅದನ್ನು ರೂಢಿಯ ವಿಧಾನವೆಂದು ಕರೆದಿದ್ದ. ಅವನ ಹೆಸರು ಅಂಟಿಕೊಂಡದ್ದು 20ನೇ ಶತಮಾನದಲ್ಲಿ.

ಅಜ್ಞಾತಗಳು ಹತ್ತುಪಟ್ಟಾದರೆ ಕೆಲಸ ಸುಮಾರು ಸಾವಿರಪಟ್ಟಾಗುತ್ತದೆ. ಈ ಲೆಕ್ಕ ಮಾಡುವ ಕಂಪ್ಯೂಟರ್‌ಗೆ ಇನ್ನೊಂದು ತೊಡಕು: ತೀರ ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ದಶಾಂಶಗಳ ದೋಷ ಊದಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ಸಾಲುಗಳನ್ನು ಅದಲುಬದಲು ಮಾಡಿ ದೊಡ್ಡ ಸಂಖ್ಯೆಯನ್ನು ಮುಂದಕ್ಕೆ ತರುತ್ತಾರೆ. 1969ರಲ್ಲಿ ಫೋಲ್ಕರ್ ಸ್ಟ್ರಾಸೆನ್ ಇದಕ್ಕಿಂತ ಕಡಿಮೆ ಗುಣಾಕಾರಗಳ ದಾರಿ ತೋರಿಸಿದರೂ ಹಳೆಯ ಕ್ರಮ ಬಳಕೆ ತಪ್ಪಿಲ್ಲ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿ 1993ರಿಂದ ಬರುತ್ತಿದೆ. ಅದರಲ್ಲಿ ಸ್ಥಾನ ನಿರ್ಧಾರವಾಗುವುದು ಇಂಥದೇ ಒಂದು ಬೃಹತ್ ಸಮೀಕರಣ ವ್ಯವಸ್ಥೆಯನ್ನು ಯಂತ್ರ ಎಷ್ಟು ಬೇಗ ಬಿಡಿಸುತ್ತದೆ ಎಂಬುದರ ಮೇಲೆ.