ಮನೆಗೊಂದೇ ಸಂಪರ್ಕ, ಎಲ್ಲರಿಗೂ ಇಂಟರ್‌ನೆಟ್

ಅಕ್ಕನಿಗೆ ಆನ್‌ಲೈನ್ ಪರೀಕ್ಷೆ, ತಮ್ಮನಿಗೆ ವಿಡಿಯೊ ಪಾಠ, ಅಪ್ಪನಿಗೆ ಕಚೇರಿಯ ಕೆಲಸ. ಮೂವರಿಗೂ ಒಂದೇ ಹೊತ್ತಿಗೆ ಇಂಟರ್‌ನೆಟ್ ಬೇಕು! 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಈ ಇಕ್ಕಟ್ಟು ತಲೆದೋರಿತು. ಮಗುವಿಗೊಂದರಂತೆ ಡೇಟಾ ಪ್ಯಾಕ್ ಹಾಕಿಸುವ ಪೋಷಕರು ಈಗಲೂ ಇದ್ದಾರೆ. ಮನೆಯಲ್ಲಿ ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕವಿದ್ದರೆ ಈ ಖರ್ಚು ಅನಗತ್ಯ. ಅದನ್ನು ಹಂಚಿಕೊಳ್ಳುವ ಬಗೆ ತಿಳಿದಿದ್ದರೆ ಸಾಕು.

ವಠಾರದ ಉಪಾಯ

ಇಂಟರ್‌ನೆಟ್ಟಿಗೆ ಸೇರುವ ಕಂಪ್ಯೂಟರಿಗೆ ಒಂದು ವಿಳಾಸ ಬೇಕು. ಇದೇ ಐಪಿ ವಿಳಾಸ. ಇದರ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸವು 32 ಬಿಟ್‌ಗಳದು. ಅಂದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಜಗತ್ತಿಗೆಲ್ಲ ಇವು ಸಾಲವು ಎಂದು ತಜ್ಞರು ಬಹಳ ಹಿಂದೆಯೇ ಮನಗಂಡರು. 1994ರಲ್ಲಿ ಅದಕ್ಕೊಂದು ಉಪಾಯ ಪ್ರಕಟವಾಯಿತು. ಅದೇ 'ನ್ಯಾಟ್', ಅಂದರೆ ವಿಳಾಸಗಳ ಅದಲು ಬದಲು.

ಹಳೆಯ ವಠಾರವನ್ನು ನೆನಪಿಸಿಕೊಳ್ಳಿ. ಒಳಗೆ ಹತ್ತು ಸಂಸಾರ, ಆದರೆ ಅಂಚೆಯವನಿಗೆ ಗೊತ್ತಿರುವುದು ಒಂದೇ ಬಾಗಿಲ ನಂಬರು. ಬಂದ ಕಾಗದಗಳನ್ನು ಯಾರದೆಂದು ನೋಡಿ ಹಂಚುವವರು ವಠಾರದ ಯಜಮಾನರು. ರೂಟರ್ ಎಂಬ ಪುಟ್ಟ ಪೆಟ್ಟಿಗೆ ಮಾಡುವುದೂ ಇದನ್ನೇ. ಹೊರಗಿನವರಿಗೆ ಅದು ಒಂದೇ ವಿಳಾಸ ತೋರಿಸುತ್ತದೆ. ಒಳಗಿನ ಕಂಪ್ಯೂಟರುಗಳಿಗೆ, ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಬೇರೆ ಬೇರೆ ವಿಳಾಸ ಕೊಡುತ್ತದೆ. ಯಾರು ಏನು ಕೇಳಿದರೆಂದು ಗುರುತಿಟ್ಟುಕೊಂಡು, ಉತ್ತರ ಬಂದಾಗ ಅವರಿಗೇ ತಲುಪಿಸುತ್ತದೆ.

1999ರಲ್ಲಿ ಬಂದ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲಿ ಒಂದು ಕಂಪ್ಯೂಟರೇ ಈ ಯಜಮಾನಿಕೆ ವಹಿಸಬಹುದಿತ್ತು. ಆದರೆ ಅದನ್ನು ಆರಿಸಿದರೆ ಎಲ್ಲರ ಸಂಪರ್ಕವೂ ಕಡಿಯುತ್ತಿತ್ತು. ರೂಟರಿನಿಂದ ಆ ತೊಂದರೆ ತಪ್ಪಿತು.

ಖರ್ಚೆಷ್ಟು?

ಬ್ರಾಡ್‌ಬ್ಯಾಂಡ್ ಜೊತೆಗೆ ಕೊಡುವ ಪೆಟ್ಟಿಗೆಯಲ್ಲೇ ಸಾಮಾನ್ಯವಾಗಿ ರೂಟರ್ ಅಡಕವಾಗಿರುತ್ತದೆ. ಹೊಸದನ್ನು ಕೊಳ್ಳುವ ಮೊದಲು ಅದನ್ನು ವಿಚಾರಿಸಿ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ವೈಫೈ ಇಲ್ಲವೇ? ಒಂದು ಲ್ಯಾನ್ ಕೇಬಲ್ ಎಳೆದರಾಯಿತು. 100 ಮೀಟರ್ ದೂರದವರೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರೂಟರಿನಲ್ಲಿ ಪೋರ್ಟ್‌ಗಳು ಸಾಲದಿದ್ದರೆ, ಐದು ಪೋರ್ಟಿನ 'ನೆಟ್‌ವರ್ಕ್ ಸ್ವಿಚ್' ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೈಫೈ ಬಳಸುವವರು ರೂಟರನ್ನು ಮನೆಯ ನಡುವೆ, ಎತ್ತರದಲ್ಲಿಡಲಿ. ಕಬ್ಬಿಣದ ಬೀರುವಿನ ಹಿಂದೆ ಖಂಡಿತ ಬೇಡ.

ವೇಗ ಸಾಕಾಗುವುದೇ?

ಲೆಕ್ಕ ಹಾಕೋಣ. ಸೆಕೆಂಡಿಗೆ 40 ಮೆಗಾಬಿಟ್ ಎಂದರೆ 5 ಮೆಗಾಬೈಟ್. 8 ಬಿಟ್ ಸೇರಿ 1 ಬೈಟ್ ತಾನೆ? 600 ಮೆಗಾಬೈಟಿನ ಸಿನಿಮಾ ಒಬ್ಬರಿಗೆ ಎರಡು ನಿಮಿಷದಲ್ಲಿ ಇಳಿದರೆ, ಮೂವರು ಒಟ್ಟಿಗೆ ಇಂಥ ಸಿನಿಮಾ ಇಳಿಸಿಕೊಂಡರೆ ಆರು ನಿಮಿಷ. ಒಂದು ವಿಡಿಯೊ ತರಗತಿಗೆ ಸುಮಾರು 2ರಿಂದ 4 ಮೆಗಾಬಿಟ್ ವೇಗ ಸಾಕು. ಆದ್ದರಿಂದ ಮೂವರ ಪಾಠಕ್ಕೆ ಕೊರತೆಯಿಲ್ಲ. ಆದರೆ ಅಕ್ಕನ ಪರೀಕ್ಷೆ ನಡೆಯುವಾಗ ತಮ್ಮ ದೊಡ್ಡ ಆಟವೊಂದನ್ನು ಇಳಿಸಿಕೊಳ್ಳತೊಡಗಿದರೆ ಅವಳಿಗೆ ತೊಂದರೆಯಾದೀತು. ಪರೀಕ್ಷೆಯ ವೇಳಾಪಟ್ಟಿಯನ್ನು ಮನೆಯವರೆಲ್ಲರಿಗೂ ಕಾಣುವಂತೆ ಅಂಟಿಸಿಡಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಪೋಷಕರಿಗೆ ಎರಡು ಮಾತು. ವೈಫೈಗೆ ಉದ್ದನೆಯ ಪಾಸ್‌ವರ್ಡ್ ಇಡಿ. ರೂಟರಿನ ಸೆಟ್ಟಿಂಗ್ ತೆರೆಯುವ, ಕಂಪೆನಿಯೇ ಕೊಟ್ಟ ಪಾಸ್‌ವರ್ಡನ್ನೂ ಬದಲಾಯಿಸಿ. ಅಪರಿಚಿತರು ನಿಮ್ಮ ಸಂಪರ್ಕದಿಂದ ತಪ್ಪು ಕೆಲಸ ಮಾಡಿದರೆ, ವಿಚಾರಿಸುವವರು ಮೊದಲು ಬರುವುದು ನಿಮ್ಮ ಬಾಗಿಲಿಗೇ.

ವಿದ್ಯಾರ್ಥಿಗಳಿಗೊಂದು ಪ್ರಯೋಗ. ಮನೆಯ ಎಲ್ಲ ಕಂಪ್ಯೂಟರು, ಫೋನುಗಳ ವೈಫೈ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ಹುಡುಕಿ ಬರೆದುಕೊಳ್ಳಿ. ಯಾವ ಅಂಕಿಗಳು ಒಂದೇ ಆಗಿವೆ, ಯಾವುದು ಬೇರೆ? ನಿಮ್ಮ ವಠಾರದ ನಕ್ಷೆ ನಿಮಗೇ ದೊರೆಯುತ್ತದೆ.