ಹಾಲುಬಣ್ಣದ ಹಲಗೆಗೆ ನೀಲಿ ಕಲೆ

ಸುಳ್ಯ, ಪುತ್ತೂರು, ಕಡಬದ ಕಡೆ ರಬ್ಬರ್ ಮರ ಕಡಿಯುವುದೆಂದರೆ ಇಪ್ಪತ್ತೈದು ಮೂವತ್ತು ವರ್ಷಕ್ಕೊಮ್ಮೆ ಬರುವ ಕೊಯ್ಲು. ಹಾಲು ಬತ್ತಿದ ಮುದಿ ಮರಗಳನ್ನು ಉರುಳಿಸಿ ಹೊಸ ಸಸಿಗೆ ಗುಂಡಿ ತೆಗೆಯುವಷ್ಟರಲ್ಲಿ ಮಳೆ ಹಣಕಿ ನೋಡುತ್ತಿರುತ್ತದೆ. ಸಾಮಿಲ್ಲಿನ ಗರಗಸದಿಂದ ಆಗಷ್ಟೇ ಇಳಿದ ಹಲಗೆಯನ್ನು ನೋಡಬೇಕು; ಥೇಟ್ ಕೆನೆಯ ಬಣ್ಣ! ಅವೇ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಪೇರಿಸಿ, ಮಳೆಗೆ ಹೆದರಿ ಪ್ಲಾಸ್ಟಿಕ್ ಹೊದಿಸಿ, ವಾರ ಬಿಟ್ಟು ತೆಗೆದರೆ ಮಸಿ ಚೆಲ್ಲಿದ ಹಾಗೆ ನೀಲಿ ಗೆರೆಗಳು. ಕುರ್ಚಿ, ಆಟಿಕೆ ಮಾಡುವವರು ಅದರತ್ತ ತಿರುಗಿಯೂ ನೋಡರು. ಪ್ಯಾಕಿಂಗ್ ಪೆಟ್ಟಿಗೆಯ ದರಕ್ಕೆ ಕೊಡಬೇಕು, ಇಲ್ಲವೇ ಒಲೆಗೆ ಹಾಕಬೇಕು.

ಬೆಳೆಗಾರ ವ್ಯಾಪಾರಿಯನ್ನು ದೂರುತ್ತಾನೆ, ವ್ಯಾಪಾರಿ ಮಿಲ್ಲಿನವನನ್ನು, ಮಿಲ್ಲಿನವನು ಮಳೆಯನ್ನು. ನಿಜಕ್ಕೂ ಕಾರಣ ಬರಿಗಣ್ಣಿಗೆ ಕಾಣದ ಒಂದು ಶಿಲೀಂಧ್ರ. ರಬ್ಬರ್ ಮರವನ್ನು ಹೆಚ್ಚಾಗಿ ಕಾಡುವುದರ ಹೆಸರು ಲ್ಯಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೇ. ಅದರ ಎಳೆಗಳು ವಾಸ್ತವವಾಗಿ ಕಂದು ಬಣ್ಣದವು. ಬಿಳಿ ಮರದೊಳಗೆ ಬೆಳಕು ಚೆದುರುವುದರಿಂದ ನಮ್ಮ ಕಣ್ಣಿಗೆ ನೀಲಿಯಾಗಿ ತೋರುತ್ತವೆ. ತೇಗ, ಹೊನ್ನೆಯಂಥ ಮರಗಳ ಚೇಗಿನಲ್ಲಿ ಶಿಲೀಂಧ್ರಕ್ಕೆ ಒಗ್ಗದ ರಸಗಳಿವೆ. ರಬ್ಬರ್ ಮರಕ್ಕೆ ಹೇಳಿಕೊಳ್ಳುವಂಥ ಚೇಗೇ ಇಲ್ಲ. ಒಡಲ ತುಂಬ ಪಿಷ್ಟ, ಸಕ್ಕರೆ. ಅನ್ನದ ತಪ್ಪಲೆಯನ್ನು ಮುಚ್ಚಳ ತೆಗೆದಿಟ್ಟ ಹಾಗೆ.

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಎಂದು ತಿಳಿಯುವುದುಂಟು. ಮೇಲ್ಮೈಯಲ್ಲಿ ಹಸಿರು, ಕಪ್ಪು ಪುಡಿಯಂತೆ ಕೂರುವುದು ಬೂಷ್ಟು. ಬ್ರಷ್ಷಿನಿಂದ ಉಜ್ಜಿದರೆ, ಒಂದು ಸಲ ಹತ್ತರಿ ಹೊಡೆದರೆ ಹೋಗುತ್ತದೆ. ನೀಲಿ ಕಲೆ ಹಾಗಲ್ಲ, ಒಳಗಿಳಿಯುತ್ತದೆ. ಎಷ್ಟು ಹತ್ತರಿ ಹೊಡೆದರೂ ಅಷ್ಟೂ ಆಳಕ್ಕೆ ಅದೇ ಬಣ್ಣ. ಬ್ಲೀಚಿಂಗ್ ನೀರು ಬಳಿದರೆ ಮೇಲೆ ಮಾತ್ರ ತಿಳಿಯಾದೀತು. ಆದರೆ ಈ ಶಿಲೀಂಧ್ರ ಪಿಷ್ಟ ತಿಂದು ತೃಪ್ತಿಪಡುತ್ತದೆ, ಮರದ ನಾರನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಹಾಗಾಗಿ ಬಲದಲ್ಲಿ ದೊಡ್ಡ ನಷ್ಟವಿಲ್ಲ. ಮರವನ್ನೇ ತಿಂದು ಮೆತ್ತಗಾಗಿಸುವುದು ಮೂರನೆಯದು, ಲಡ್ಡು. ಮೊಳೆ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ: ಕಲೆಯಾದ ಮರ ಗಟ್ಟಿಯಾಗಿ ತಡೆಯುತ್ತದೆ, ಲಡ್ಡಾದದ್ದು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗೆಂದು ಕಲೆಯನ್ನು ಕಡೆಗಣಿಸುವಂತಿಲ್ಲ. ಕಲೆಗೆ ಒಗ್ಗಿದ ತೇವ ಲಡ್ಡಿಗೂ ಒಗ್ಗುತ್ತದೆ, ಕಲೆಯಾದ ಮರ ನೀರನ್ನೂ ಬೇಗ ಹೀರುತ್ತದೆ.

ಕೆನಡಾದಲ್ಲಿ ದುಂಬಿ ಕೊರೆದು ಸತ್ತ ಪೈನ್ ಮರಗಳ ಇಂಥದೇ ನೀಲಿ ಹಲಗೆಯನ್ನು 'ಡೆನಿಮ್ ಪೈನ್' ಎಂದು ಹೆಸರಿಟ್ಟು ಮಾರಿದ ಜಾಣರಿದ್ದಾರೆ. ನಮ್ಮಲ್ಲಿ ಆ ಚಮತ್ಕಾರ ಇನ್ನೂ ನಡೆದಂತಿಲ್ಲ.

ಮದ್ದಿನ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕು. ಒಂದು ಕಾಲಕ್ಕೆ ಹಲಗೆಗಳನ್ನು ಸೋಡಿಯಂ ಪೆಂಟಾಕ್ಲೋರೋಫೀನೇಟ್ ದ್ರಾವಣದಲ್ಲಿ ಅದ್ದಿ ತೆಗೆಯುತ್ತಿದ್ದರು. ಕಲೆ ನಿಲ್ಲುತ್ತಿತ್ತು, ನಿಜ. ಆದರೆ ಬರಿಗೈಯಲ್ಲಿ ಹಲಗೆ ಅದ್ದುವ ಆಳಿನ ಚರ್ಮ ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಜೊತೆಗೆ ಅದರಲ್ಲಿ ಡಯಾಕ್ಸಿನ್ ಎಂಬ ಘೋರ ವಿಷದ ಕಲಬೆರಕೆ. ಪೆಂಟಾಕ್ಲೋರೋಫೀನಾಲ್ ಭಾರತದಲ್ಲಿ ನಿಷೇಧವಾಗಿದೆ. 2015ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಮಗುವಿನ ಆಟಿಕೆಗೆ, ಅಡುಗೆಮನೆಯ ಸೌಟಿಗೆ ಹೋಗುವ ಮರವಲ್ಲವೇ ಇದು? ಯಾವ ಮದ್ದು ಹಾಕಿದ್ದೀರಿ ಎಂದು ಮಿಲ್ಲಿನಲ್ಲಿ ಕೇಳಲು ಸಂಕೋಚ ಬೇಡ.

ಈಗ ನಡೆಯುವುದು ಬೊರಾಕ್ಸ್ ಮತ್ತು ಬೋರಿಕ್ ಆ್ಯಸಿಡ್‌ಗಳ ದ್ರಾವಣ. ಸೌದೆಯೆಂದೇ ಹೆಸರಾಗಿದ್ದ ರಬ್ಬರ್ ಮರವನ್ನು ಪೀಠೋಪಕರಣದ ಅಂಗಡಿಗೆ ಏರಿಸಿದ ಪುಣ್ಯದಲ್ಲಿ ಇದರ ಪಾಲು ದೊಡ್ಡದು. ಕುಟ್ಟೆ ಹುಳ ಇದಕ್ಕೆ ಹೆದರುತ್ತದೆ, ಲಡ್ಡೂ ಹತ್ತಿರ ಸುಳಿಯದು. ಬೂಷ್ಟಿನ ವಿಷಯದಲ್ಲಿ ಮಾತ್ರ ಇದರ ಕೈ ಸಡಿಲ. ಬೋರಾನ್ ನೀರಿನಲ್ಲಿ ಕರಗಿ ಹೋಗುವುದರಿಂದ ಮಳೆಗೆ ನೆನೆಯುವ ಕಿಟಕಿಗೂ ಇದನ್ನು ನಂಬುವಂತಿಲ್ಲ. ಕಲೆ ಒಮ್ಮೆ ಒಳಗಿಳಿದ ಮೇಲಂತೂ ಯಾವ ದ್ರಾವಣದಲ್ಲಿ ಅದ್ದಿದರೂ ಬಣ್ಣ ವಾಪಸಾಗದು.

ಆದ್ದರಿಂದ ಎಲ್ಲಕ್ಕಿಂತ ದೊಡ್ಡ ಮದ್ದು ಅವಸರ. ಕಡಿದ ದಿಮ್ಮಿ ಎರಡು ಮೂರು ದಿನದೊಳಗೆ ಗರಗಸ ಕಾಣಬೇಕು, ಕೊಯ್ದ ಹಲಗೆ ಅದೇ ದಿನ ದ್ರಾವಣದ ತೊಟ್ಟಿಗೆ ಇಳಿಯಬೇಕು. ತಡವಾಗುವುದಾದರೆ ದಿಮ್ಮಿಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿಡುವುದು ಹಳಬರ ಉಪಾಯ. ಅದು ಮೂಢನಂಬಿಕೆಯೇನಲ್ಲ, ಗಾಳಿಯಿಲ್ಲದೆ ಶಿಲೀಂಧ್ರ ಬದುಕದು.

ಇನ್ನು ಒಣಗಿಸುವ ಕೆಲಸ. ನೆಲದಿಂದ ಒಂದೂವರೆ ಅಡಿ ಎತ್ತರದ ಅಟ್ಟಣೆ, ಮೇಲೆ ಮಾಡು, ನಾಲ್ಕೂ ಕಡೆ ಗಾಳಿ. ಪ್ರತಿ ಸಾಲಿನ ನಡುವೆ ಒಂದಿಂಚಿನ ಒಣ ರೀಪರು. ಮೇಲಿನ ರೀಪರು ಕೆಳಗಿನದರ ನೇರಕ್ಕೇ ಇರಬೇಕು, ಇಲ್ಲವಾದರೆ ಹಲಗೆ ಸೊಟ್ಟಗಾಗುತ್ತದೆ. ಹಸಿ ರೀಪರು ಇಟ್ಟರೆ ಅದರಡಿಯಲ್ಲೇ ಕಲೆ ಶುರು. ಆಷಾಢದ ಕರಾವಳಿಯಲ್ಲಿ ಬರೀ ಗಾಳಿಯಿಂದ ಕೆಲಸ ಬೇಗ ಸಾಗದು. ಆಗ ಕಿಲ್ನ್ ಎಂಬ ಬಿಸಿಗಾಳಿ ಕೋಣೆಯೇ ಗತಿ.

ಎಷ್ಟು ಒಣಗಿದರೆ ಸಾಕು? ಮರದಲ್ಲಿ ನೀರು ಶೇಕಡಾ 20ಕ್ಕಿಂತ ಕಡಿಮೆಯಾದರೆ ಬೂಷ್ಟು, ಕಲೆ, ಲಡ್ಡು ಮೂರೂ ಬೆಳೆಯಲಾರವು. ಮೀಟರು ಇಲ್ಲದವರಿಗೆ ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯ ತುದಿ ಬಿಟ್ಟು ನಡುವಿನಿಂದ ಒಂದು ತುಂಡು ಕೊಯ್ದು ತೂಗಿ, ಓವನ್ನಿನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. 120 ಗ್ರಾಮಿನ ತುಂಡು 100ಕ್ಕೆ ನಿಂತರೆ ನೀರು ಸರಿಯಾಗಿ ಶೇಕಡಾ 20. 130 ಇದ್ದದ್ದು 100ಕ್ಕೆ ಇಳಿದರೆ ಹಲಗೆ ಇನ್ನೂ ಅಟ್ಟಣೆಯ ಮೇಲೆಯೇ ಇರಲಿ.