ಚಿಪ್ಪು, ಸಿಪ್ಪೆ ಮತ್ತು ಷೆಲ್

ಬಹಳ ವರ್ಷಗಳ ಹಿಂದಿನ ಮಾತು. ಅಡಕೆ ಕೊಯ್ಲಿನ ಕಾಲ. ನರಸಿಂಹರಾಜಪುರದ ಹತ್ತಿರದ ಹಳ್ಳಿಯೊಂದರಲ್ಲಿ, ನನ್ನ ಸೋದರತ್ತೆಯ ಮನೆಯ ಜಗಲಿಯಲ್ಲಿ ಕುಳಿತು ನಾನೊಂದು ಇಂಗ್ಲಿಷ್ ಲೇಖನವನ್ನು ಕನ್ನಡಿಸುತ್ತಿದ್ದೆ. ಯಾವುದೋ ದ್ವೀಪದ ಜನಜೀವನವನ್ನು ಕುರಿತ ಬರಹ. ಅದರಲ್ಲಿ 'ಷೆಲ್' ಎಂಬ ಶಬ್ದ ಹೆಜ್ಜೆ ಹೆಜ್ಜೆಗೂ ಎದುರಾಗುತ್ತಿತ್ತು. ಬಂದಲ್ಲೆಲ್ಲ 'ಚಿಪ್ಪು' ಎಂದು ಬರೆದು ಮುಂದೆ ಸಾಗಿದ್ದೆ. ಸಂಜೆ ಅತ್ತೆಗೆ ಓದಿ ಹೇಳುವಾಗ 'ಕಡಲೆಕಾಯಿಯ ಚಿಪ್ಪು' ಎಂಬಲ್ಲಿಗೆ ಬಂದೆ. ಅತ್ತೆ ಕೈಕೆಲಸ ನಿಲ್ಲಿಸಿ, "ಕಡಲೆಕಾಯಿಗೆ ಎಲ್ಲಿಯ ಚಿಪ್ಪೋ ಮಾರಾಯ? ಅದು ಆಮೆಯಾ?" ಎಂದರು.

ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇಂಗ್ಲಿಷಿನವರಿಗೆ ಆಮೆಯ ಬೆನ್ನು, ಮೊಟ್ಟೆಯ ಓಡು, ತೆಂಗಿನ ಕರಟ, ಕಡಲೆಕಾಯಿಯ ಸಿಪ್ಪೆ ಎಲ್ಲವೂ ಷೆಲ್ಲೇ. ಒಳಗಿನದನ್ನು ಕಾಯುವ ಗಟ್ಟಿ ಹೊದಿಕೆ ಎಂಬ ಒಂದೇ ಗುಣ ಅವರಿಗೆ ಸಾಕು. ಅಲ್ಲಿಂದ ಮುಂದೆ ಆ ಪದ ಎಲ್ಲೆಲ್ಲಿಗೋ ಹೋಯಿತು. ಲೋಹದ ಟೊಳ್ಳು ಹೊದಿಕೆಯೊಳಗೆ ಮದ್ದು ತುಂಬಿ ಫಿರಂಗಿಯಿಂದ ಹಾರಿಸಿದಾಗ ಅದೂ ಷೆಲ್ ಆಯಿತು. 1999ರ ಕಾರ್ಗಿಲ್ ಯುದ್ಧದ ವರದಿಗಳಲ್ಲಿ 'ಷೆಲ್ ದಾಳಿ' ಎಂದು ಓದುವಾಗ ನಮ್ಮಲ್ಲಿ ಯಾರಿಗೂ ಕಡಲತೀರದ ನೆನಪಾಗಲಿಲ್ಲ. 1897ರಲ್ಲಿ ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯಲ್ ತನ್ನ ಎಣ್ಣೆ ಕಂಪನಿಗೆ ಷೆಲ್ ಎಂಬ ಹೆಸರಿಟ್ಟದ್ದಕ್ಕೆ ಮಾತ್ರ ಕಡಲಿನ ನಂಟುಂಟು. ಆತನ ತಂದೆ ಕಪ್ಪೆಚಿಪ್ಪುಗಳ ವ್ಯಾಪಾರಿಯಾಗಿದ್ದ. ಪರಮಾಣುವಿನೊಳಗೆ ಎಲೆಕ್ಟ್ರಾನುಗಳಿರುವ ಮಟ್ಟಗಳಿಗೂ ಅದೇ ಹೆಸರು. ನಮ್ಮ ವಿಜ್ಞಾನ ಲೇಖಕರು ಅಲ್ಲಿ 'ಕವಚ' ಎಂದರು. ಕರ್ಣನ ಮೈಯಿಂದ ಇಳಿದುಬಂದ ಪದ. ಒಳ್ಳೆಯ ಆಯ್ಕೆಯೆಂದೇ ನನ್ನ ಎಣಿಕೆ.

ಕನ್ನಡ ಹೀಗೆ ಒಂದೇ ಪದಕ್ಕೆ ಒಪ್ಪುವುದಿಲ್ಲ. ಯಾತರ ಮೇಲಿನದು ಎಂದು ಮೊದಲು ಕೇಳುತ್ತದೆ. ಮರಕ್ಕಾದರೆ ತೊಗಟೆ, ಬತ್ತಕ್ಕಾದರೆ ಉಮಿ, ಅದರ ಒಳಗಿನದು ತೌಡು, ಬೇಳೆಕಾಳಿಗೆ ಹೊಟ್ಟು, ಕಬ್ಬಿಗೆ ಸಿಗುರು. ಹಾವು ಬಿಡುವುದು ಪೊರೆ. ಮುದುಕರ ಕಣ್ಣಿಗೆ ಬರುವುದೂ ಪೊರೆಯೇ. ಹಳಗನ್ನಡದಲ್ಲಿ 'ಪೊರೆ' ಎಂದರೆ ಕಾಪಾಡು ಎಂಬ ಅರ್ಥವೂ ಉಂಟು. ಇವೆರಡರ ಮೂಲ ಒಂದೇ ಎಂದು ನಾನು ವಾದಿಸುವುದಿಲ್ಲ. ಅಕ್ಕಪಕ್ಕ ಇಟ್ಟು ನೋಡಿದರೆ ಸಂತೋಷವಾಗುತ್ತದೆ, ಅಷ್ಟೆ.

ಹಾಗೆಂದು ನಮ್ಮ ಚಿಪ್ಪೇನೂ ಬಡಪದವಲ್ಲ. ಮುತ್ತಿಗೆ ಚಿಪ್ಪು, ಮಂಡಿಗೆ ಚಿಪ್ಪು, ಬಾಳೆಗೊನೆಯಲ್ಲಿ ಚಿಪ್ಪು. ಇದ್ದುದೆಲ್ಲ ಹೋದವನ ಕೈಗೂ ಬರುವುದು ಚಿಪ್ಪೇ. ಸಿಪ್ಪೆ ತೆಗೆಯುವುದಕ್ಕೆ ಇರುವ 'ಸುಲಿ' ಎಂಬ ಮಾತಿನಿಂದ 'ಸುಲಿಗೆ' ಹುಟ್ಟಿದ್ದನ್ನೂ ಗಮನಿಸಬೇಕು. ಅದೇ ಸುಲಿಯುವ ಕೆಲಸವನ್ನು 'ಅನುಭವಾಮೃತ'ದ ಮಹಲಿಂಗರಂಗ ಸೌಜನ್ಯವಾಗಿ ಕಂಡ. ಕನ್ನಡವನ್ನು ಅವನು ಸಿಪ್ಪೆ ತೆಗೆದ ಬಾಳೆಹಣ್ಣಿಗೆ, ಸಿಗುರು ಕಳೆದ ಕಬ್ಬಿಗೆ ಹೋಲಿಸಿದ. ತಿನ್ನುವವನಿಗೆ ಶ್ರಮವಾಗಬಾರದೆಂಬ ಕಾಳಜಿ ಅದರಲ್ಲಿದೆ.

ಅತ್ತೆಯ ಅಂಗಳದಲ್ಲಿ ಈ ಶ್ರಮ ಕಣ್ಣಿಗೆ ಕಾಣುತ್ತಿತ್ತು. ರಾತ್ರಿ ದೀಪದ ಬೆಳಕಿನಲ್ಲಿ ಹತ್ತಾರು ಜನ ಮೆಟ್ಟುಗತ್ತಿ ಹಿಡಿದು ಹಸಿ ಅಡಕೆ ಸುಲಿಯುತ್ತಿದ್ದರು. ಚೊಗರು ಹತ್ತಿ ಬೆರಳೆಲ್ಲ ಕಪ್ಪು. ಕಥೆ, ಒಗಟು, ಊರ ಸುದ್ದಿ ಎಲ್ಲವೂ ಅಲ್ಲಿಯೇ. ಮರ ಹತ್ತುವ ಕೊನೆಗಾರನ ತಲೆಯ ಮೇಲೆ ಹಾಳೆಯ ಟೊಪ್ಪಿ. ಅಡಕೆಮರ ಕಳಚಿ ಕೆಡಹುವ ಎಲೆಯ ಬುಡದ ಆ ಹೊದಿಕೆಯೂ ಹಾಳೆ, ನಾನು ಬರೆಯುತ್ತಿದ್ದ ಕಾಗದವೂ ಹಾಳೆ!

ಆ ರಾತ್ರಿ ಅತ್ತೆ ಒಂದು ಅಡಕೆಯನ್ನು ಬಿಡಿಸಿ, ಸಿಪ್ಪೆಗೂ ಒಳಗಿನ ಬೀಜಕ್ಕೂ ನಡುವೆ ಇರುವ ತೆಳ್ಳನೆಯ ಪದರವನ್ನು ಉಗುರಿನಲ್ಲಿ ಎತ್ತಿ ತೋರಿಸಿ, ಅದರ ಹೆಸರು ಹೇಳಿದರು. ಹಾಳೆ ಕೈಯಲ್ಲೇ ಇತ್ತು, ನಾನು ಬರೆದುಕೊಳ್ಳಲಿಲ್ಲ. ಅತ್ತೆ ಈಗಿಲ್ಲ.

ಹೋದ ವರ್ಷ ಅದೇ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಸುಲಿಯುವ ಯಂತ್ರ ಸದ್ದು ಮಾಡುತ್ತಿತ್ತು. ಅದಕ್ಕೆ ಅಡಕೆ ಸುರಿಯುತ್ತಿದ್ದ ಹುಡುಗನ ಬಳಿ ನಿಂತು, ಕೆಳಗೆ ಬಿದ್ದ ರಾಶಿಯಿಂದ ಆ ಪದರವನ್ನು ಹುಡುಕಿ ತೆಗೆದು, "ಇದಕ್ಕೆ ಏನು ಹೇಳುತ್ತೀರಪ್ಪಾ?" ಎಂದು ಕೇಳಿದೆ. ಅವನು ಒಮ್ಮೆ ನನ್ನನ್ನೂ ಒಮ್ಮೆ ರಾಶಿಯನ್ನೂ ನೋಡಿ, "ಅದೆಲ್ಲಾ ವೇಸ್ಟು ಸಾರ್" ಎಂದ.